ವೇಗವೂ ತಾಳಿಕೆಯೂ: ಸ್ಪರ್ಧೆಯ ಈಜಿಗೆ ಮೈ ಅಣಿಯಾಗುವ ಬಗೆ

ಟೋಕಿಯೋ ಒಲಿಂಪಿಕ್ಸ್‌ನ ಈಜುಕೊಳದಲ್ಲಿ 2021ರ ಜುಲೈ 29ರ ಬೆಳಿಗ್ಗೆ ಪುರುಷರ 800 ಮೀಟರ್ ಫ್ರೀಸ್ಟೈಲ್ ಸ್ಪರ್ಧೆಯ ಅಂತಿಮ ಸುತ್ತು ನಡೆಯಿತು. ಐವತ್ತು ಮೀಟರ್ ಉದ್ದದ ಕೊಳವನ್ನು ಹದಿನಾರು ಸಲ ಹಾಯಬೇಕಾದ ಈ ಸ್ಪರ್ಧೆಯಲ್ಲಿ ಹದಿನೈದು ಸಲ ಹಾಯ್ದು ಮುಗಿದಾಗ ಅಮೆರಿಕದ ಬಾಬಿ ಫಿಂಕೆ ನಾಲ್ಕನೆಯ ಸ್ಥಾನದಲ್ಲಿದ್ದರು. ಉಳಿದ 50 ಮೀಟರನ್ನು ಅವರು 26.39 ಸೆಕೆಂಡುಗಳಲ್ಲಿ ಈಜಿದರು. ಮುಂದಿದ್ದ ಮೂವರನ್ನೂ ಹಿಂದಿಕ್ಕಿ, ಇಟಲಿಯ ಗ್ರೆಗೋರಿಯೊ ಪಾಲ್ಟ್ರಿನಿಯೇರಿಗಿಂತ 0.24 ಸೆಕೆಂಡು ಮೊದಲು ಗೋಡೆ ಮುಟ್ಟಿ ಚಿನ್ನ ಗೆದ್ದರು.

ಮರುದಿನ ಅದೇ ಕೊಳದಲ್ಲಿ ಪುರುಷರ 200 ಮೀಟರ್ ವೈಯಕ್ತಿಕ ಮೆಡ್ಲೆಯ ಅಂತಿಮ ಸ್ಪರ್ಧೆ. ಬಟರ್‌ಫ್ಲೈ, ಬ್ಯಾಕ್‌ಸ್ಟ್ರೋಕ್, ಬ್ರೆಸ್ಟ್‌ಸ್ಟ್ರೋಕ್, ಫ್ರೀಸ್ಟೈಲ್ ಎಂಬ ನಾಲ್ಕು ಶೈಲಿಗಳಲ್ಲಿ ತಲಾ 50 ಮೀಟರ್ ಈಜುವುದು ಇದರ ಕ್ರಮ. ಮೂರು ಶೈಲಿಗಳು ಮುಗಿದು 150 ಮೀಟರ್ ದಾಟಿದಾಗ ಮುಂದಿದ್ದವರು ಅಮೆರಿಕದವರೇ ಆದ ಮೈಕೆಲ್ ಆಂಡ್ರ್ಯೂ. ಕೊನೆಯ 50 ಮೀಟರಿನಲ್ಲಿ ಅವರ ಕೈಕಾಲು ಸೋತವು; ಒಬ್ಬರಾದ ಮೇಲೊಬ್ಬರು ನಾಲ್ವರು ಅವರನ್ನು ದಾಟಿದರು. ಚೀನಾದ ವಾಂಗ್ ಷುನ್ 1 ನಿಮಿಷ 55.00 ಸೆಕೆಂಡುಗಳಲ್ಲಿ ಗೆದ್ದರೆ ಆಂಡ್ರ್ಯೂ 1 ನಿಮಿಷ 57.31 ಸೆಕೆಂಡುಗಳಲ್ಲಿ ಐದನೆಯವರಾದರು.

ಈ ಎರಡು ಸ್ಪರ್ಧೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಈಜಿನ ತರಬೇತಿಯ ಬಹು ಹಳೆಯ ಪ್ರಶ್ನೆಯೊಂದು ಎದುರಾಗುತ್ತದೆ. ದೂರ ಈಜುವವನಿಗೂ ಕೊನೆಯಲ್ಲಿ ವೇಗ ಬೇಕು. ವೇಗವಾಗಿ ಈಜುವವನಿಗೂ ಕೊನೆಯವರೆಗೆ ಬಾಳುವ ಕಸುವು ಬೇಕು. ಇವೆರಡನ್ನೂ ಒಂದೇ ದೇಹದಲ್ಲಿ, ವಾರದ ಆರೇ ದಿನಗಳ ಅಭ್ಯಾಸದಲ್ಲಿ ಬೆಳೆಸುವುದು ಹೇಗೆ?

ಪದದ ಬಗ್ಗೆ ಒಂದು ಮಾತು. ಈ ಕಸುವಿಗೆ ನಮ್ಮ ದೈಹಿಕ ಶಿಕ್ಷಣದ ಪುಸ್ತಕಗಳು ಸಾಮಾನ್ಯವಾಗಿ ‘ಸಹಿಷ್ಣುತೆ’ ಎಂಬ ಪದವನ್ನು ಬಳಸುತ್ತವೆ. ಕನ್ನಡದ ಓದುಗನಿಗೆ ಆ ಪದದಿಂದ ಮೊದಲು ನೆನಪಾಗುವುದು ಮತಧರ್ಮಗಳ ನಡುವಣ ಸೈರಣೆಯೇ ಹೊರತು ಈಜುಕೊಳವಲ್ಲ. ಆಡುಮಾತಿನ ‘ದಮ್ಮು’ ಅರ್ಥಕ್ಕೆ ಹತ್ತಿರವಾದರೂ ಉಸಿರಿನ ಕಡೆಗೇ ವಾಲುತ್ತದೆ. ‘ತಾಳು’ ಎಂಬ ಕ್ರಿಯಾಪದದಿಂದ ಹುಟ್ಟಿದ, ಬಟ್ಟೆಗೂ ಮರಕ್ಕೂ ಜನ ಬಳಸುವ ‘ತಾಳಿಕೆ’ ಇಲ್ಲಿ ಚೆನ್ನಾಗಿ ಒಪ್ಪುತ್ತದೆ. ಬಳಕೆಯ ಒತ್ತಡದಲ್ಲಿಯೂ ಕೆಡದೆ ಉಳಿಯುವ ಗುಣವೆಂದೇ ಅದರ ಅರ್ಥ. ಈಜುಗಾರನಿಗೆ ಬೇಕಾದದ್ದೂ ಅದೇ.

ಮೊದಲು ದೇಹದ ಲೆಕ್ಕವನ್ನು ನೋಡಬೇಕು. ಸ್ನಾಯು ಸಂಕುಚಿಸಲು ಬೇಕಾದ ಶಕ್ತಿ ಎಟಿಪಿ ಎಂಬ ಅಣುವಿನಿಂದ ಬರುತ್ತದೆ. ಸ್ನಾಯುವಿನಲ್ಲಿ ಸಿದ್ಧವಾಗಿರುವ ಎಟಿಪಿ ಕೆಲವೇ ಕ್ಷಣಗಳಿಗೆ ಸಾಕು. ಮುಗಿದಂತೆಲ್ಲ ಅದನ್ನು ಮರಳಿ ಕಟ್ಟುತ್ತಿರಬೇಕು. ಕಟ್ಟುವ ದಾರಿಗಳು ಮೂರು. ಸ್ನಾಯುವಿನಲ್ಲೇ ಕೂಡಿಟ್ಟ ಕ್ರಿಯಾಟಿನ್ ಫಾಸ್ಫೇಟಿನ ದಾರಿ ಅತ್ಯಂತ ಚುರುಕಿನದು, ಆದರೆ ಹತ್ತು ಸೆಕೆಂಡುಗಳ ಆಸುಪಾಸಿನಲ್ಲಿ ಬಹುಪಾಲು ಬರಿದಾಗುತ್ತದೆ. ಎರಡನೆಯದು ಸ್ನಾಯುವಿನ ಗ್ಲೈಕೋಜನ್ನನ್ನು ಆಮ್ಲಜನಕಕ್ಕೆ ಕಾಯದೆ ಒಡೆಯುವ ದಾರಿ. ಇದೂ ವೇಗದ್ದೇ, ಆದರೆ ಒಂದು ಒಂದೂವರೆ ನಿಮಿಷದೊಳಗೆ ಸ್ನಾಯುವಿನ ಆಮ್ಲೀಯತೆ ಏರಿ ತೋಳುಗಳು ಸೀಸದಂತೆ ಭಾರವಾಗುತ್ತವೆ. ಮೂರನೆಯದು ಉಸಿರಾಟದಿಂದ ಬಂದ ಆಮ್ಲಜನಕದ ನೆರವಿನಿಂದ ಮೈಟೊಕಾಂಡ್ರಿಯಗಳೊಳಗೆ ನಡೆಯುವ ದಹನ. ನಿಧಾನವಾಗಿ ಹೊತ್ತಿಕೊಳ್ಳುವ, ಬಹುಹೊತ್ತು ಉರಿಯುವ ಒಲೆ ಇದು.

ಮೂರೂ ಒಲೆಗಳು ಮೊದಲ ಕ್ಷಣದಿಂದಲೇ ಒಟ್ಟಿಗೆ ಉರಿಯುತ್ತಿರುತ್ತವೆ. ಬದಲಾಗುವುದು ಅವುಗಳ ಪಾಲು ಮಾತ್ರ. ಮನುಷ್ಯನು ಪೂರ್ಣ ಬಲದಿಂದ ಶ್ರಮಿಸುವಾಗ ಸುಮಾರು 75 ಸೆಕೆಂಡುಗಳ ಹೊತ್ತಿಗೆ ಆಮ್ಲಜನಕದ ದಾರಿಯ ಕೊಡುಗೆಯೂ ಉಳಿದೆರಡರ ಒಟ್ಟು ಕೊಡುಗೆಯೂ ಸಮನಾಗುತ್ತವೆ ಎಂದು ಶರೀರ ವಿಜ್ಞಾನಿಗಳು ಎಣಿಸಿದ್ದಾರೆ. ಈಜಿನ ಸ್ಪರ್ಧೆಗಳಿಗೆ ಇದನ್ನು ಅನ್ವಯಿಸಿದರೆ ಒಂದು ಅಚ್ಚರಿ ಕಾಣುತ್ತದೆ. 50 ಮೀಟರ್ ಮಾತ್ರವೇ ಅಪ್ಪಟ ವೇಗದ ಸ್ಪರ್ಧೆ. 100 ಮೀಟರ್ ಹೊತ್ತಿಗಾಗಲೇ ಆಮ್ಲಜನಕದ ಪಾಲು ಗಣನೀಯವಾಗುತ್ತದೆ. 200 ಮೀಟರಿನಲ್ಲಿ ಅದು ಅರ್ಧವನ್ನು ಮೀರುತ್ತದೆ; 1500 ಮೀಟರಿನಲ್ಲಿ ಬಹುತೇಕ ಎಲ್ಲವೂ ಅದೇ. ಹೊರನೋಟಕ್ಕೆ ಬಿರುಸಿನ ಸ್ಪರ್ಧೆಯಂತೆ ತೋರುವ 200 ಮೀಟರ್, ಒಳಗೆ ಬಹುಮಟ್ಟಿಗೆ ಉಸಿರಿನ ಸ್ಪರ್ಧೆ. ಆಂಡ್ರ್ಯೂ ಅವರನ್ನು ಕೊನೆಯ 50 ಮೀಟರಿನಲ್ಲಿ ಕಾಡಿದ್ದು ಈ ಲೆಕ್ಕವೇ.

ನೀರಿನ ಸ್ವಭಾವವೂ ಇದಕ್ಕೆ ಸೇರಿಕೊಳ್ಳುತ್ತದೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರವಾದದ್ದು. ಈಜುವ ವೇಗ ಹೆಚ್ಚಿದಂತೆ ನೀರಿನ ಎಳೆತವು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಆ ಎಳೆತವನ್ನು ಗೆಲ್ಲಲು ವ್ಯಯಿಸಬೇಕಾದ ಶಕ್ತಿಯ ದರವು ಘನಕ್ಕೆ ಅನುಗುಣವಾಗಿ ಏರುತ್ತದೆ. ಎಂದರೆ ಹತ್ತು ಶೇಕಡಾ ಹೆಚ್ಚು ವೇಗ ಬೇಕಾದರೆ ಮೂವತ್ತಮೂರು ಶೇಕಡಾ ಹೆಚ್ಚು ಶಕ್ತಿಯ ತೆರಿಗೆ ಕಟ್ಟಬೇಕು. ನೆಲದ ಮೇಲೆ ಓಡುವವನಿಗೆ ಈ ತೆರಿಗೆ ಇಷ್ಟು ಕಠಿಣವಲ್ಲ. ಆದ್ದರಿಂದ ಈಜಿನಲ್ಲಿ ಕೈ ನೀರಿಗಿಳಿಯುವ ಕೋನ, ಸೊಂಟ ಮೇಲುಳಿಯುವ ಬಗೆ, ಉಸಿರಿಗಾಗಿ ತಲೆ ತಿರುಗಿಸುವ ರೀತಿ ಇವೆಲ್ಲ ಕೇವಲ ಚೆಂದದ ಮಾತಾಗದೆ ಇಂಧನದ ಮಾತಾಗುತ್ತವೆ. ದಣಿದಾಗ ಮೊದಲು ಕೆಡುವುದು ಭಂಗಿ; ಭಂಗಿ ಕೆಟ್ಟಾಗ ಎಳೆತ ಹೆಚ್ಚುತ್ತದೆ; ಎಳೆತ ಹೆಚ್ಚಿದಾಗ ದಣಿವು ಮತ್ತಷ್ಟು ಬೇಗ ಬರುತ್ತದೆ.

ಹಾಗಾದರೆ ವೇಗವನ್ನೂ ತಾಳಿಕೆಯನ್ನೂ ಅರ್ಧರ್ಧ ಬೆರೆಸಿ ಅಭ್ಯಾಸ ಮಾಡಿದರೆ ಸಾಲದೇ ಎಂದು ಯಾರಿಗಾದರೂ ಅನಿಸಬಹುದು. ದೇಹ ಅದಕ್ಕೆ ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಅಮೆರಿಕದ ಸಂಶೋಧಕ ರಾಬರ್ಟ್ ಹಿಕ್ಸನ್ 1980ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಈ ವಿಷಯದಲ್ಲಿ ಹೆಸರುವಾಸಿ. ಒಂದು ಗುಂಪು ಹತ್ತು ವಾರ ಬರಿಯ ಬಲದ ಅಭ್ಯಾಸ ಮಾಡಿತು, ಇನ್ನೊಂದು ಬರಿಯ ತಾಳಿಕೆಯ ಅಭ್ಯಾಸ, ಮೂರನೆಯದು ಎರಡನ್ನೂ. ಮೂರನೆಯ ಗುಂಪಿನ ಬಲ ಮೊದಮೊದಲು ಏರಿ, ನಡುವೆ ನಿಂತು, ಕೊನೆಯ ವಾರಗಳಲ್ಲಿ ಇಳಿಯತೊಡಗಿತು. ಸ್ನಾಯುತಂತುಗಳಲ್ಲಿ ಬಿರುಸಾಗಿ ಸಂಕುಚಿಸಿ ಬೇಗ ದಣಿಯುವವೂ ಇವೆ, ನಿಧಾನವಾಗಿ ಸಂಕುಚಿಸಿ ಬಹುಕಾಲ ದುಡಿಯುವವೂ ಇವೆ. ಅತಿ ದೀರ್ಘವಾದ ದುಡಿಮೆಯನ್ನೇ ಹೇರಿದಾಗ ಬಿರುಸಿನ ತಂತುಗಳು ತಮ್ಮ ಬಿರುಸನ್ನು ಕೊಂಚ ಬಿಟ್ಟುಕೊಟ್ಟು ಬಾಳಿಕೆಯ ಕಡೆಗೆ ಹೊರಳುತ್ತವೆ. ಅಭ್ಯಾಸವೆಂದರೆ ದೇಹಕ್ಕೆ ಕೊಡುವ ಆಜ್ಞೆ. ಒಂದೇ ಹೊತ್ತಿಗೆ ಎರಡು ವಿರುದ್ಧ ಆಜ್ಞೆಗಳು ಬಂದರೆ ದೇಹ ಎರಡನ್ನೂ ಅರೆಬರೆಯಾಗಿ ಪಾಲಿಸುತ್ತದೆ.

ಈ ತಿಳಿವಳಿಕೆ ಈಜುಕೊಳದ ದಂಡೆಗೆ ತಲಪಿದ್ದು ತಡವಾಗಿ. ಇಂಡಿಯಾನಾ ವಿಶ್ವವಿದ್ಯಾಲಯದ ತರಬೇತುದಾರ ಜೇಮ್ಸ್ ಕೌನ್ಸಿಲ್‌ಮನ್ ಈಜನ್ನು ವಿಜ್ಞಾನದ ಕಣ್ಣಿನಿಂದ ನೋಡಿದ ಮೊದಲಿಗರಲ್ಲೊಬ್ಬರು. ದೂರವನ್ನು ಚಿಕ್ಕ ತುಣುಕುಗಳಾಗಿ ಒಡೆದು, ನಡುವೆ ಅಳತೆಯ ವಿರಾಮ ಕೊಟ್ಟು ಈಜಿಸುವ ಪದ್ಧತಿಯನ್ನು ಅವರು ಬಲಪಡಿಸಿದರು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಏಳು ಚಿನ್ನಗಳನ್ನು ಏಳು ವಿಶ್ವದಾಖಲೆಗಳೊಂದಿಗೆ ಗೆದ್ದ ಮಾರ್ಕ್ ಸ್ಪಿಟ್ಜ್ ಅವರ ಶಿಷ್ಯ. (ಗುರುವೂ ಸುಮ್ಮನೆ ದಂಡೆಯಲ್ಲಿ ಕುಳಿತವರಲ್ಲ: 1979ರಲ್ಲಿ, ಐವತ್ತೆಂಟನೆಯ ವಯಸ್ಸಿನಲ್ಲಿ, ಇಂಗ್ಲಿಷ್ ಕಾಲುವೆಯನ್ನು ಈಜಿ ದಾಟಿದರು.) ಆದರೆ ಆ ಕಾಲದ ಯಶಸ್ಸಿನಿಂದ ಹಲವರು ಕಲಿತ ಪಾಠ ಬೇರೆಯಾಯಿತು. ಹೆಚ್ಚು ಈಜಿದವನೇ ಗೆಲ್ಲುತ್ತಾನೆ ಎಂಬ ನಂಬಿಕೆ ಬೇರೂರಿ, ಬೆಳಗೊಂದು ಸಂಜೆಯೊಂದು ಎಂದು ದಿನಕ್ಕೆ ಹತ್ತು ಸಾವಿರ ಮೀಟರ್, ಕೆಲವೆಡೆ ಅದಕ್ಕೂ ಹೆಚ್ಚು ಈಜಿಸುವುದು ರೂಢಿಯಾಯಿತು. 50 ಮೀಟರ್ ಈಜುವವನಿಗೂ 1500 ಮೀಟರ್ ಈಜುವವನಿಗೂ ಬಹಳಷ್ಟು ಕಡೆ ಒಂದೇ ಊಟ ಬಡಿಸಲಾಗುತ್ತಿತ್ತು.

ಡೇವಿಡ್ ಕಾಸ್ಟಿಲ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ ಅಧ್ಯಯನ ಈ ನಂಬಿಕೆಯನ್ನು ಪರೀಕ್ಷಿಸಿತು. ಕಾಲೇಜು ಈಜುಗಾರರ ಒಂದು ಗುಂಪು ಆರು ವಾರ ದಿನಕ್ಕೆ ಒಂದು ಸಲ ಒಂದೂವರೆ ಗಂಟೆ ಅಭ್ಯಾಸ ಮಾಡಿತು. ಇನ್ನೊಂದು ದಿನಕ್ಕೆ ಎರಡು ಸಲ, ತಲಾ ಒಂದೂವರೆ ಗಂಟೆ. ಇಮ್ಮಡಿ ದುಡಿದವರಿಗೆ ಇಮ್ಮಡಿ ಫಲವಿರಲಿ, ಹೆಚ್ಚುವರಿ ಫಲವೇ ಕಾಣಲಿಲ್ಲ. ಅಷ್ಟೇ ಅಲ್ಲ, ಆ ಆರು ವಾರಗಳಲ್ಲಿ ಅವರ ಬಿರುಸಿನ ಈಜು ಹಿಂದೆ ಬಿತ್ತು. ಒಂದೇ ಸಲ ಅಭ್ಯಾಸ ಮಾಡಿದವರದು ಮುಂದೆ ಸಾಗಿತು. ಈಜಿನ ಹೆಚ್ಚಿನ ಸ್ಪರ್ಧೆಗಳು ಎರಡೂವರೆ ನಿಮಿಷಗಳೊಳಗೆ ಮುಗಿಯುವಾಗ ದಿನಕ್ಕೆ ಮೂರು ನಾಲ್ಕು ಗಂಟೆ ನಿಧಾನವಾಗಿ ಈಜುವುದು ಯಾವುದರ ಸಿದ್ಧತೆ ಎಂಬ ಪ್ರಶ್ನೆಯನ್ನು ಮುಂದಿನವರು ಎತ್ತಲು ಇಂಥ ಫಲಿತಾಂಶಗಳು ಧೈರ್ಯ ಕೊಟ್ಟವು.

ಪ್ರಶ್ನೆಯನ್ನು ಅದರ ತುದಿಯವರೆಗೆ ಎಳೆದವರು ಬ್ರೆಂಟ್ ರಷಾಲ್. ಸ್ಪರ್ಧೆಯಲ್ಲಿ ಬೇಕಾದ ವೇಗ ಯಾವುದೋ ಅದೇ ವೇಗದಲ್ಲಿ, 25 ಅಥವಾ 50 ಮೀಟರಿನ ತುಣುಕುಗಳನ್ನು, ಚಿಕ್ಕ ವಿರಾಮಗಳೊಂದಿಗೆ ಮತ್ತೆ ಮತ್ತೆ ಈಜಬೇಕು. ವೇಗ ತಪ್ಪತೊಡಗಿದೊಡನೆ ನಿಲ್ಲಿಸಬೇಕು. ಉದ್ದನೆಯ ನಿಧಾನದ ಈಜು ಬೇಕಿಲ್ಲ ಎಂಬುದು ಅವರ ವಾದದ ಸಾರ. ಮೊದಲು ಹೇಳಿದ ಮೈಕೆಲ್ ಆಂಡ್ರ್ಯೂ ಬಾಲ್ಯದಿಂದಲೂ ಈ ಪದ್ಧತಿಯಲ್ಲಿ ಬೆಳೆದವರು. ಟೋಕಿಯೋದ ಒಂದು ಸೋಲಿನಿಂದ ಪದ್ಧತಿಯನ್ನು ತೂಗಿಬಿಡುವುದು ನ್ಯಾಯವಲ್ಲ. ಅದೇ ಕೂಟದ 4×100 ಮೀಟರ್ ಮೆಡ್ಲೆ ರಿಲೇಯಲ್ಲಿ ಅವರು ಬ್ರೆಸ್ಟ್‌ಸ್ಟ್ರೋಕ್ ಈಜಿದ ಅಮೆರಿಕದ ತಂಡ ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದಿತು. ಆದರೂ 100 ಮೀಟರಿಗೆ ಹೊಂದಿಬಂದ ಅಭ್ಯಾಸ 200 ಮೀಟರಿನ ಕೊನೆಯ ಕಾಲುಭಾಗಕ್ಕೆ ಸಾಲಲಿಲ್ಲ ಎಂದು ಹಲವು ತರಬೇತುದಾರರು ಅಂದು ಎಣಿಸಿದ್ದು ಅಕಾರಣವಲ್ಲ.

ಇದಕ್ಕೆ ಎದುರಾಗಿ ನಿಲ್ಲುವ ಉದಾಹರಣೆ ರಷ್ಯದ ಅಲೆಕ್ಸಾಂಡರ್ ಪೊಪೋವ್. 1992ರ ಬಾರ್ಸಿಲೋನಾ ಮತ್ತು 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗಳೆರಡರಲ್ಲೂ 50 ಮತ್ತು 100 ಮೀಟರ್ ಫ್ರೀಸ್ಟೈಲ್ ಗೆದ್ದ ಈ ಬಿರುಸಿನ ಈಜುಗಾರ ಅಭ್ಯಾಸದಲ್ಲಿ ಬಹಳಷ್ಟು ದೂರ ಈಜುತ್ತಿದ್ದರು. ಆದರೆ ಆ ದೂರದ ಈಜು ಮೈ ದಣಿಸುವುದಕ್ಕಾಗಿ ಇರಲಿಲ್ಲ. ಅವರ ಗುರು ಗೆನ್ನಾದಿ ತುರೆಟ್ಸ್ಕಿ ಶಿಷ್ಯನನ್ನು ಅತಿ ನಿಧಾನವಾಗಿ, ಪ್ರತಿಯೊಂದು ಹೊಡೆತವೂ ಕೆತ್ತಿದಂತೆ ನಿಖರವಾಗಿರುವ ಹಾಗೆ ಈಜಿಸುತ್ತಿದ್ದರು. ಬಿರುಸಿನ ಅಭ್ಯಾಸ ಬಂದಾಗ ಅದು ನಿಜವಾಗಿಯೂ ಬಿರುಸಾಗಿರುತ್ತಿತ್ತು. ಪೊಪೋವ್ ಅವರ ಈಜನ್ನು ಕಂಡವರು ಹೊಗಳಿದ್ದು ಬಲಕ್ಕಿಂತ ಹೆಚ್ಚಾಗಿ ಆ ನಿರಾಯಾಸವನ್ನು.

ಮೇಲುನೋಟಕ್ಕೆ ರಷಾಲ್ ಮತ್ತು ತುರೆಟ್ಸ್ಕಿ ಎರಡು ಧ್ರುವಗಳು. ಒಬ್ಬರು ನಿಧಾನದ ಈಜು ಬೇಡವೆಂದರು, ಇನ್ನೊಬ್ಬರು ಅದನ್ನೇ ಅಡಿಪಾಯ ಮಾಡಿದರು. ಒಂದು ವಿಷಯದಲ್ಲಿ ಮಾತ್ರ ಇಬ್ಬರೂ ಒಂದೇ ಕಡೆ ನಿಲ್ಲುತ್ತಾರೆ: ದಣಿದ ಮೈಯಲ್ಲಿ, ಕೆಟ್ಟ ಭಂಗಿಯಲ್ಲಿ, ನಿಧಾನವೂ ಅಲ್ಲದ ಬಿರುಸೂ ಅಲ್ಲದ ನಡುಗತಿಯಲ್ಲಿ ಮಾಡುವ ಈಜು ನಿರರ್ಥಕ. ಸಾಮಾನ್ಯ ಈಜುಗಾರರ ಅಭ್ಯಾಸದ ಬಹುಪಾಲು ವ್ಯರ್ಥವಾಗುವುದು ಈ ನಡುಗತಿಯಲ್ಲೇ. ನಿಧಾನವಾಗಿ ಈಜಬೇಕಾದ ದಿನ ಪಕ್ಕದವನ ಮೇಲಿನ ಪೈಪೋಟಿಯಿಂದ ಅವರು ಬೇಗ ಈಜುತ್ತಾರೆ. ಬಿರುಸಾಗಿ ಈಜಬೇಕಾದ ದಿನ ನಿನ್ನೆಯ ದಣಿವು ಉಳಿದು ನಿಧಾನವಾಗಿ ಈಜುತ್ತಾರೆ. ಸಮತೋಲವೆಂದರೆ ಎರಡನ್ನೂ ಬೆರೆಸಿ ಒಂದು ಬಣ್ಣ ಮಾಡುವುದಲ್ಲ, ಎರಡನ್ನೂ ಅವುಗಳ ಬಣ್ಣದಲ್ಲೇ ಬೇರೆ ಬೇರೆ ಇರಿಸುವುದು.

ತಾಳಿಕೆಯ ಈಜು ಎಷ್ಟು ವೇಗದಲ್ಲಿರಬೇಕು ಎಂಬುದನ್ನು ತಿಳಿಯಲು ರಕ್ತ ಪರೀಕ್ಷೆಯ ಸಲಕರಣೆಗಳೇ ಬೇಕೆಂದಿಲ್ಲ. ಒಂದು ಸ್ಟಾಪ್‌ವಾಚ್ ಸಾಕು. ಈಜುಗಾರನು ತನ್ನ ಶಕ್ತಿ ಮೀರದಂತೆ, ಆದರೆ ಪೂರ್ಣ ಪ್ರಯತ್ನದಿಂದ, ಒಂದು ಸಲ 400 ಮೀಟರ್, ಸಾಕಷ್ಟು ವಿಶ್ರಾಂತಿಯ ಬಳಿಕ ಇನ್ನೊಂದು ಸಲ 200 ಮೀಟರ್ ಈಜಬೇಕು. 400ಕ್ಕೆ 4 ನಿಮಿಷ 40 ಸೆಕೆಂಡು, 200ಕ್ಕೆ 2 ನಿಮಿಷ 10 ಸೆಕೆಂಡು ಹಿಡಿಯಿತೆನ್ನೋಣ. ದೂರಗಳ ಅಂತರ 200 ಮೀಟರ್. ಕಾಲಗಳ ಅಂತರ 150 ಸೆಕೆಂಡು. 200ನ್ನು 150ರಿಂದ ಭಾಗಿಸಿದರೆ ಸೆಕೆಂಡಿಗೆ 1.33 ಮೀಟರ್, ಎಂದರೆ ಪ್ರತಿ 100 ಮೀಟರಿಗೆ 75 ಸೆಕೆಂಡು. ಆಮ್ಲಜನಕದ ಒಲೆ ಹೆಚ್ಚುಕಡಿಮೆ ತಾನೇ ನಿಭಾಯಿಸಬಲ್ಲ ಗರಿಷ್ಠ ವೇಗದ ಅಂದಾಜು ಇದು. ಈಜಿನ ಶಾಸ್ತ್ರದಲ್ಲಿ ಇದನ್ನು ನಿರ್ಣಾಯಕ ವೇಗವೆನ್ನುತ್ತಾರೆ. ಈ ವೇಗದಲ್ಲಿ ಹತ್ತೋ ಹದಿನೈದೋ ನೂರು ಮೀಟರ್‌ಗಳನ್ನು, ನಡುವೆ ಹದಿನೈದು ಇಪ್ಪತ್ತು ಸೆಕೆಂಡುಗಳ ವಿರಾಮದೊಂದಿಗೆ ಈಜುವುದು ತಾಳಿಕೆಯ ಮುಖ್ಯ ಅಭ್ಯಾಸ. ಅಂಥ ದಿನ ನೂರಕ್ಕೆ 70 ಸೆಕೆಂಡಿನಲ್ಲಿ ಈಜಿ ಬೀಗುವವನು ಅಭ್ಯಾಸದ ಉದ್ದೇಶವನ್ನೇ ಕೆಡಿಸಿಕೊಳ್ಳುತ್ತಾನೆ.

ವೇಗದ ಅಭ್ಯಾಸದ ನಿಯಮ ಇದಕ್ಕೆ ಪೂರಾ ವಿರುದ್ಧ. ಅಲ್ಲಿ ಮುಖ್ಯವಾದದ್ದು ವಿರಾಮ. ಬರಿದಾದ ಕ್ರಿಯಾಟಿನ್ ಫಾಸ್ಫೇಟ್ ಸುಮಾರು ಅರ್ಧ ನಿಮಿಷದಲ್ಲಿ ಅರ್ಧದಷ್ಟು ತುಂಬಿಕೊಳ್ಳುತ್ತದೆ. ಬಹುತೇಕ ಪೂರ್ತಿ ತುಂಬಲು ಮೂರರಿಂದ ಐದು ನಿಮಿಷ ಬೇಕು. ಆದ್ದರಿಂದ 15 ಅಥವಾ 25 ಮೀಟರನ್ನು ಸರ್ವಶಕ್ತಿಯಿಂದ ಈಜಿ, ಎರಡು ಮೂರು ನಿಮಿಷ ಮೆಲ್ಲಗೆ ಕೈಕಾಲಾಡಿಸಿ, ಮತ್ತೆ ಈಜಬೇಕು. ಇಂಥ ಆರೆಂಟು ಸಲದ ಈಜು ಒಟ್ಟು 200 ಮೀಟರನ್ನೂ ದಾಟುವುದಿಲ್ಲ. ನೋಡುವವರಿಗೆ ಇದು ಸೋಮಾರಿತನದಂತೆ ಕಾಣುತ್ತದೆ. ಹೆತ್ತವರು ಕೊಳದ ದಂಡೆಯಲ್ಲಿ ನಿಂತು ‘ಮಗು ಸುಮ್ಮನೆ ನಿಂತಿದೆಯಲ್ಲ’ ಎಂದು ಗೊಣಗುವುದೂ ಉಂಟು. ವಿರಾಮ ಕಡಿತಗೊಳಿಸಿದರೆ ಅದೇ ಅಭ್ಯಾಸ ಸದ್ದಿಲ್ಲದೆ ತಾಳಿಕೆಯ ಅಭ್ಯಾಸವಾಗಿ ಮಾರ್ಪಡುತ್ತದೆ, ಹೆಸರು ಮಾತ್ರ ವೇಗದ್ದಾಗಿ ಉಳಿಯುತ್ತದೆ. ಇದೇ ಕಾರಣಕ್ಕೆ ವೇಗದ ಅಭ್ಯಾಸವನ್ನು ದಿನದ ಆರಂಭದಲ್ಲಿ, ಮೈ ಕಾಯಿಸಿಕೊಂಡ ಕೂಡಲೇ ಮಾಡಬೇಕು. ಮೂರು ಸಾವಿರ ಮೀಟರ್ ಈಜಿದ ಮೇಲೆ ‘ಈಗ ನಾಲ್ಕು ಸ್ಪ್ರಿಂಟ್’ ಎನ್ನುವುದು ಬಹಳ ಕೊಳಗಳಲ್ಲಿ ಕಾಣುವ ತಪ್ಪು.

ಈ ಎರಡರ ನಡುವೆ ಸ್ಪರ್ಧಾವೇಗದ ಅಭ್ಯಾಸವಿದೆ. ರಷಾಲ್ ಅವರ ವಾದವನ್ನು ಪೂರ್ತಿ ಒಪ್ಪದ ತರಬೇತುದಾರರೂ ಅವರಿಂದ ಎತ್ತಿಕೊಂಡದ್ದು ಇದನ್ನೇ. 200 ಮೀಟರನ್ನು 2 ನಿಮಿಷ 4 ಸೆಕೆಂಡುಗಳಲ್ಲಿ ಈಜುವ ಗುರಿಯಿದ್ದರೆ 50 ಮೀಟರಿಗೆ 31 ಸೆಕೆಂಡು ಬಂತು. ಅದೇ 31 ಸೆಕೆಂಡಿಗೆ 50 ಮೀಟರ್, ಇಪ್ಪತ್ತು ಸೆಕೆಂಡು ವಿರಾಮ, ಮತ್ತೆ 50 ಮೀಟರ್. ಒಂದು ಸಲ ವೇಗ ತಪ್ಪಿದರೆ ಒಂದು ಸರದಿ ಬಿಟ್ಟು ಸುಧಾರಿಸಿಕೊಳ್ಳುವುದು. ಮೂರು ಸಲ ತಪ್ಪಿದರೆ ಅಂದಿಗೆ ನಿಲ್ಲಿಸುವುದು. ಇಲ್ಲಿ ಮೈಯೊಂದಿಗೆ ಮನಸ್ಸೂ ವೇಗದ ಅಳತೆಯನ್ನು ಕಲಿಯುತ್ತದೆ. ತೋಡಿನಲ್ಲೋ ಮದಕದಲ್ಲೋ ದೇವಸ್ಥಾನದ ಕೆರೆಯಲ್ಲೋ ಈಜು ಕಲಿತು ಕಾಲೇಜು ತಂಡಕ್ಕೆ ಬರುವ ಕಾಸರಗೋಡಿನ ಕಡೆಯ ಹುಡುಗ ಹುಡುಗಿಯರಿಗೆ ಧೈರ್ಯಕ್ಕೂ ಬಿರುಸಿಗೂ ಕೊರತೆಯಿರುವುದಿಲ್ಲ. ಕೆರೆಗೆ ಗೆರೆಯಿಲ್ಲ, ಗಡಿಯಾರವಿಲ್ಲ. ದಡದಿಂದ ದಡಕ್ಕೆ ಯಾರು ಮೊದಲು ಎಂಬುದಷ್ಟೇ ಲೆಕ್ಕ. ಅಂಥವರು ಮೊದಲ ಸ್ಪರ್ಧೆಯಲ್ಲಿ ಎಪ್ಪತ್ತು ಮೀಟರಿನವರೆಗೆ ಎಲ್ಲರಿಗಿಂತ ಮುಂದಿದ್ದು ಕೊನೆಯಲ್ಲಿ ನೀರಿನೊಳಗೇ ನಿಂತುಬಿಟ್ಟಂತಾದರೆ ಅದು ಪ್ರತಿಭೆಯ ಕೊರತೆಯಲ್ಲ. ವೇಗವನ್ನು ಹಂಚಿಕೊಳ್ಳುವ ಅಭ್ಯಾಸ ಇಲ್ಲದ್ದರ ಫಲ.

200 ಮೀಟರ್ ಸ್ಪರ್ಧೆ ಈ ಹಂಚಿಕೆಯ ನಿಜವಾದ ಒರೆಗಲ್ಲು. ಕೇರಳದ ಸಜನ್ ಪ್ರಕಾಶ್ ಅವರ ವಿಶೇಷ ಸ್ಪರ್ಧೆಯೂ ಇದೇ ದೂರದ ಬಟರ್‌ಫ್ಲೈ. ಎರಡೂ ತೋಳುಗಳು ಒಮ್ಮೆಲೇ ನೀರಿನಿಂದ ಮೇಲೇಳಬೇಕಾದ ಈ ಶೈಲಿಯಲ್ಲಿ ದಣಿದವನಿಗೆ ಮರೆಯಾಗಿ ನಿಲ್ಲಲು ಎಡೆಯೇ ಇಲ್ಲ. 2021ರ ಜೂನ್ ತಿಂಗಳಲ್ಲಿ ರೋಮ್ ನಗರದಲ್ಲಿ ಅವರು ಇದನ್ನು 1 ನಿಮಿಷ 56.38 ಸೆಕೆಂಡುಗಳಲ್ಲಿ ಈಜಿ, ಒಲಿಂಪಿಕ್ಸ್‌ನ ‘ಎ’ ಅರ್ಹತಾ ಮಟ್ಟವನ್ನು ಕೇವಲ 0.10 ಸೆಕೆಂಡಿನಿಂದ ದಾಟಿ, ಆ ಮಟ್ಟ ಮುಟ್ಟಿದ ಮೊದಲ ಭಾರತೀಯ ಈಜುಗಾರರಾದರು. ಕತ್ತಿನ ಗಾಯದಿಂದ ಬಹುಕಾಲ ಬಳಲಿ ಹಿಂದಿರುಗಿದ ಮೇಲಿನ ಸಾಧನೆ ಅದು. ಅದೇ ಕೂಟದಲ್ಲಿ ಬೆಂಗಳೂರಿನ ಶ್ರೀಹರಿ ನಟರಾಜ್ 100 ಮೀಟರ್ ಬ್ಯಾಕ್‌ಸ್ಟ್ರೋಕನ್ನು 53.77 ಸೆಕೆಂಡುಗಳಲ್ಲಿ ಈಜಿ ತಾವೂ ಅರ್ಹರಾದರು. ಒಬ್ಬರದು ಎರಡು ನಿಮಿಷಕ್ಕೆ ಹತ್ತಿರದ ಸ್ಪರ್ಧೆ, ಇನ್ನೊಬ್ಬರದು ಒಂದು ನಿಮಿಷಕ್ಕೂ ಕಡಿಮೆ; ಇಬ್ಬರಿಗೂ ಒಂದೇ ಅಭ್ಯಾಸಪಟ್ಟಿ ಸರಿಹೋಗುವ ಮಾತೇ ಇಲ್ಲ.

200 ಮೀಟರಿನ ಈಜುಗಾರನ ಒಂದು ವಾರ ಹೇಗಿರಬಹುದು? ಭಾನುವಾರದ ವಿಶ್ರಾಂತಿಯಿಂದ ಮೈ ಹಗುರಾಗಿರುವ ಸೋಮವಾರ ಅಪ್ಪಟ ವೇಗಕ್ಕೆ ಸಲ್ಲುತ್ತದೆ. ಮಂಗಳವಾರ ನಿರ್ಣಾಯಕ ವೇಗದ ಉದ್ದನೆಯ ಅಭ್ಯಾಸ. ಬುಧವಾರ ನಿಧಾನದ ಈಜು, ಭಂಗಿಯ ತಿದ್ದುಪಡಿ. ಗುರುವಾರ ಸ್ಪರ್ಧಾವೇಗ. ಶುಕ್ರವಾರ ಮತ್ತೆ ತಾಳಿಕೆ, ಶನಿವಾರ ಚಿಕ್ಕದೊಂದು ವೇಗದ ಅಭ್ಯಾಸದ ಬಳಿಕ ಆರಾಮದ ಈಜು. ಪಟ್ಟಿಯೇನೋ ಸುಲಭ, ಕಠಿಣವಾದದ್ದು ಬುಧವಾರವನ್ನು ನಿಧಾನವಾಗಿಯೇ ಉಳಿಸಿಕೊಳ್ಳುವುದು. ಅಂದು ಮೈ ತನ್ನನ್ನು ತಾನು ಕಟ್ಟಿಕೊಳ್ಳುತ್ತಿರುತ್ತದೆ.

ದೂರದ ಸ್ಪರ್ಧಿಗಳಿಗೆ ಈ ತೂಕ ತಾಳಿಕೆಯ ಕಡೆಗೆ ವಾಲುತ್ತದೆ, ಆದರೆ ವೇಗ ಅಲ್ಲಿಂದಲೂ ಗಡೀಪಾರಾಗುವುದಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಫಿಂಕೆ 1500 ಮೀಟರನ್ನು 14 ನಿಮಿಷ 30.67 ಸೆಕೆಂಡುಗಳ ವಿಶ್ವದಾಖಲೆಯಲ್ಲಿ ಈಜಿದರು. ಹದಿನೈದು ನೂರುಗಳ ಸರಾಸರಿ ಸುಮಾರು 58 ಸೆಕೆಂಡು. ಒಂದೇ ಒಂದು ನೂರನ್ನು 58 ಸೆಕೆಂಡಿನಲ್ಲಿ ಈಜಬಲ್ಲ ಕಾಲೇಜು ಈಜುಗಾರ ತನ್ನ ಕೂಟದಲ್ಲಿ ಪದಕದ ಆಸೆ ಇಟ್ಟುಕೊಳ್ಳಬಹುದು! ಕೇಟಿ ಲೆಡೆಕಿ 2016ರ ರಿಯೋ ಒಲಿಂಪಿಕ್ಸ್‌ನಲ್ಲಿ 800 ಮೀಟರಿನೊಂದಿಗೆ 200 ಮೀಟರನ್ನೂ ಗೆದ್ದವರು. ಪುರುಷರು 1908ರಿಂದ ಈಜುತ್ತಿದ್ದ 1500 ಮೀಟರ್ ಮಹಿಳೆಯರಿಗೆ ಒಲಿಂಪಿಕ್ಸ್‌ನಲ್ಲಿ ದೊರೆತದ್ದು ಟೋಕಿಯೋದಲ್ಲಿ. ತಾಳಿಕೆ ಗಂಡಸಿನ ಗುಣವೆಂಬ ಎಣಿಕೆ ಅಷ್ಟು ದೀರ್ಘಕಾಲ ತಾಳಿಕೊಂಡಿತ್ತು. ಅದನ್ನು ಮೊದಲು ಗೆದ್ದವರೂ ಲೆಡೆಕಿಯೇ.

ಎಳೆಯರ ಮಾತು ಬೇರೆ, ಮತ್ತು ಅದೇ ಹೆಚ್ಚು ಗಂಭೀರವಾದದ್ದು. ಹರೆಯಕ್ಕೆ ಮುನ್ನ ಮಕ್ಕಳ ದೇಹದಲ್ಲಿ ಆಮ್ಲಜನಕವಿಲ್ಲದೆ ಗ್ಲೈಕೋಜನ್ ಒಡೆಯುವ ದಾರಿ ಇನ್ನೂ ಬಲಿತಿರುವುದಿಲ್ಲ. ಕೈಕಾಲು ಉರಿಯುವಂತೆ ಅವರನ್ನು ಈಜಿಸುವುದರಿಂದ ದೊರೆಯುವುದು ಕಡಿಮೆ, ಕಳೆದುಹೋಗುವುದು ಹೆಚ್ಚು. ಭಂಗಿ, ಆಟದಂಥ ಚಿಕ್ಕ ಬಿರುಸುಗಳು, ಆರಾಮದ ದೂರದ ಈಜು ಇವೇ ಅವರಿಗೆ ತಕ್ಕವು. ಹೆಗಲಿನ ಲೆಕ್ಕವನ್ನೂ ಒಮ್ಮೆ ಮಾಡಿ ನೋಡಬೇಕು. 50 ಮೀಟರಿಗೆ 36 ಕೈಹೊಡೆತ ಎಂದಿಟ್ಟುಕೊಂಡರೆ ದಿನಕ್ಕೆ ಹತ್ತು ಸಾವಿರ ಮೀಟರ್ ಈಜುವವನು 7,200 ಸಲ ಕೈ ಬೀಸುತ್ತಾನೆ. ಆರು ದಿನಕ್ಕೆ ಒಂದೊಂದು ಹೆಗಲೂ 21,600 ಸಲ ತಿರುಗುತ್ತದೆ. ಹೆಗಲ ನೋವು ಈಜುಗಾರರ ಅತಿ ಸಾಮಾನ್ಯ ಬೇನೆಯಾಗಿರುವುದು ಸುಮ್ಮನಲ್ಲ. ಹದಿನಾಲ್ಕರ ವಯಸ್ಸಿಗೆ ಜಿಲ್ಲೆಯಲ್ಲಿ ಹೆಸರು ಮಾಡಿ ಹದಿನೇಳಕ್ಕೆ ಕೊಳದ ಕಡೆ ತಿರುಗಿಯೂ ನೋಡದ ಮಕ್ಕಳು ಎಲ್ಲ ಊರುಗಳಲ್ಲೂ ಇದ್ದಾರೆ. ಅವರಲ್ಲಿ ಕೆಲವರನ್ನು ಓದು ಸೆಳೆದಿರುತ್ತದೆ. ಕೆಲವರನ್ನು ಹೆಗಲು ಕೈಬಿಟ್ಟಿರುತ್ತದೆ. ಇನ್ನು ಕೆಲವರ ಹುಟ್ಟುಗುಣವಾಗಿದ್ದ ಬಿರುಸನ್ನು ಅಳತೆಯಿಲ್ಲದ ದೂರದ ಈಜು ಸವೆಸಿಬಿಟ್ಟಿರುತ್ತದೆ. ದೊಡ್ಡ ಸ್ಪರ್ಧೆಗಳ ಫಲಿತಾಂಶಪಟ್ಟಿಯಲ್ಲಿ ಈ ಮೂರನೆಯವರ ಲೆಕ್ಕ ಎಲ್ಲಿಯೂ ಬರುವುದಿಲ್ಲ.

ಋತುವಿನ ಕೊನೆಯಲ್ಲಿ ಬರುವುದು ‘ಟೇಪರ್’. ಪೆನ್ಸಿಲನ್ನು ಮೊನಚು ಮಾಡಿದಂತೆ, ಮುಖ್ಯ ಸ್ಪರ್ಧೆಗೆ ಮುನ್ನ ಅಭ್ಯಾಸವನ್ನು ಸಣ್ಣಗಾಗಿಸುವ ಕಾಲ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ಸಂಶೋಧಕರು, ಸುಮಾರು ಎರಡು ವಾರ ಈಜುವ ದೂರವನ್ನು ನಲವತ್ತರಿಂದ ಅರವತ್ತು ಶೇಕಡಾ ಇಳಿಸಿ, ವೇಗವನ್ನು ಮಾತ್ರ ಸ್ವಲ್ಪವೂ ಇಳಿಸದಿರುವುದು ಅತ್ಯಂತ ಫಲಕಾರಿ ಎಂದು ಕಂಡುಕೊಂಡಿದ್ದಾರೆ. ತಾಳಿಕೆ ಎರಡು ವಾರಗಳಲ್ಲಿ ಕರಗಿಹೋಗುವುದಿಲ್ಲ. ಅದರ ಮೇಲೆ ಕವಿದಿದ್ದ ದಣಿವು ಮಾತ್ರ ಸರಿಯುತ್ತದೆ, ಅಡಗಿದ್ದ ವೇಗ ಮೇಲೆ ಬರುತ್ತದೆ. ಈ ದಿನಗಳಲ್ಲಿ ‘ಏನೂ ಈಜುತ್ತಿಲ್ಲವಲ್ಲ’ ಎಂಬ ಅಳುಕಿಗೆ ಒಳಗಾಗಿ ಗುಟ್ಟಾಗಿ ಹೆಚ್ಚುವರಿ ಈಜಿ, ತಿಂಗಳುಗಳ ದುಡಿಮೆಯನ್ನು ತಾವೇ ಮಸುಕಾಗಿಸಿಕೊಳ್ಳುವವರಿದ್ದಾರೆ.

2000ದ ಸಿಡ್ನಿ ಒಲಿಂಪಿಕ್ಸ್‌ಗೆ ಮುನ್ನ ಕೊನೆಯ ಮೂರು ವಾರಗಳಲ್ಲಿ ಈಜುಗಾರರ ಸಾಧನೆ ಎಷ್ಟು ಬದಲಾಯಿತೆಂದು ಇನಿಗೊ ಮುಹಿಕಾ ಮತ್ತು ಸಂಗಡಿಗರು ಅಳೆದಿದ್ದರು. ಸರಾಸರಿ ಸುಧಾರಣೆ 2.2 ಶೇಕಡಾ. 1 ನಿಮಿಷ 57 ಸೆಕೆಂಡುಗಳ ಈಜಿನಲ್ಲಿ ಅದು ಎರಡೂವರೆ ಸೆಕೆಂಡಿನಷ್ಟಾಗುತ್ತದೆ. ಟೋಕಿಯೋದ ಆ 200 ಮೀಟರ್ ಮೆಡ್ಲೆಯಲ್ಲಿ ಮೊದಲನೆಯವರಿಗೂ ಐದನೆಯವರಿಗೂ ಇದ್ದ ಅಂತರ 2.31 ಸೆಕೆಂಡು.